ಕಾಲೇಜಿನ ರಸಾಯನಶಾಸ್ತ್ರ: ಪುಸ್ತಕ ಮುಚ್ಚಿ ಓದುವ ಬಗೆ

ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದ ಕನ್ನಡಿಗರ ಸಂಗತಿಯನ್ನು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ. ಅವರಲ್ಲಿ ಅನೇಕರು ಹಾಗೆ ಓದಿದವರೇ. ಆದರೆ ಹೀಗೆ ಓದಿ ಕಾಲೇಜು ಸೇರಿದವರಲ್ಲಿ ಬಹುಮಂದಿ ವಾಣಿಜ್ಯದ ಕಡೆಗೋ ಕಲಾವಿಭಾಗದ ಕಡೆಗೋ ಹೋಗುವುದು ರೂಢಿ. ವಿಜ್ಞಾನಕ್ಕೆ ಪ್ರಯೋಗಶಾಲೆ ಬೇಕು. ಪ್ರಯೋಗಶಾಲೆ ತೆರೆದಿರುವುದು ಹಗಲಿನಲ್ಲಿ. ಹಗಲಿನಲ್ಲಿ ನಮ್ಮ ಹುಡುಗರಿಗೆ ಕೆಲಸ. ಇಷ್ಟಾಗಿಯೂ ಹಟಹಿಡಿದು ವಿಜ್ಞಾನವನ್ನೇ ಆರಿಸಿಕೊಳ್ಳುವವರು ಕೆಲವರುಂಟು. ಗುಮಾಸ್ತರಾಗಿರುವ ನಮ್ಮ ಮಿತ್ರರ ಮಕ್ಕಳೂ ತಮ್ಮಂದಿರೂ ಉಂಟು. ಇವರು ಮೊದಲ ವರ್ಷದಲ್ಲಿ ಎಡವುವುದನ್ನು ನಾವು ಕಂಡಿರುವುದು ಹೆಚ್ಚಾಗಿ ರಸಾಯನಶಾಸ್ತ್ರದ ಹೊಸ್ತಿಲಲ್ಲಿ.

ಕಳೆದ ಮಳೆಗಾಲದಲ್ಲಿ ಅಂತಹ ತರುಣನೊಬ್ಬ ನಮ್ಮ ಕಚೇರಿಗೆ ಬಂದ. ಬೆಳಿಗ್ಗೆ ಕಾಲೇಜು, ಸಂಜೆ ನಾಲ್ಕರಿಂದ ನಮ್ಮ ಪರಿಚಯದವರ ಹೋಟೆಲಿನಲ್ಲಿ ಕೆಲಸ. ಬಿ.ಎಸ್ಸಿ. ಮೊದಲ ವರ್ಷದ ಕಿರುಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಐವತ್ತರಲ್ಲಿ ಹನ್ನೊಂದು ಅಂಕ. ಕಾಲೇಜು ಬಿಟ್ಟು ಗಲ್ಲೆಯಲ್ಲಿ ಪೂರ್ಣಾವಧಿಯ ಕೆಲಸಕ್ಕೆ ನಿಲ್ಲುವುದೆಂದು ನಿಶ್ಚಯಿಸಿ, ಧಣಿಗಳಿಗೆ ಒಂದು ಮಾತು ಹೇಳಿಸಬೇಕೆಂದು ನಮ್ಮನ್ನು ಕೇಳಲು ಬಂದಿದ್ದ. ಕಂಕುಳಲ್ಲಿ ಪಠ್ಯಪುಸ್ತಕವಿತ್ತು. ಬಿಡಿಸಿ ನೋಡಿದರೆ ಪುಟಪುಟವೂ ಕೆಂಪು ಗೆರೆ. ಗೆರೆಯಿಲ್ಲದ ಸಾಲನ್ನೇ ಹುಡುಕಬೇಕು.

“ಎಷ್ಟು ಸಲ ಓದಿದ್ದೀ ತಮ್ಮಾ?” ಎಂದೆವು.

“ನಾಲ್ಕು ಸಲ ಅಣ್ಣಾ. ಓದುವಾಗ ಎಲ್ಲಾ ಗೊತ್ತಾಗ್ತದೆ. ಪೇಪರಿನ ಮುಂದೆ ಕೂತರೆ ಏನೂ ಇಲ್ಲ.”

ನಾವು ಎಸ್.ಎಸ್.ಎಲ್.ಸಿ.ಯಿಂದಾಚೆಗೆ ಓದಿದವರಲ್ಲ. ಆದಕಾರಣ ಅವನ ಪುಸ್ತಕವನ್ನು ಮುಚ್ಚಿ ಮೇಜಿನ ಮೇಲಿಟ್ಟು, ನಮಗೆ ನಿಜವಾಗಿಯೂ ತಿಳಿಯದಿದ್ದ ಒಂದು ಮಾತನ್ನು ಕೇಳಿದೆವು: ‘ಮೋಲ್’ ಎಂದರೇನು? ಅವನು ಪುಸ್ತಕದ ವ್ಯಾಖ್ಯೆಯನ್ನು ಗಿಳಿಯಂತೆ ಒಪ್ಪಿಸಿದ. ನಮಗೆ ಅರ್ಥವಾಗಲಿಲ್ಲವೆಂದೆವು. ಮತ್ತೆ ಅದನ್ನೇ ಒಪ್ಪಿಸಿದ. ಮೂರನೆಯ ಸಲ ಕೇಳಿದಾಗ ಸುಮ್ಮನಾದ. ತನಗೂ ಅರ್ಥವಾಗಿಲ್ಲವೆಂಬುದು ಅವನಿಗೆ ಗೊತ್ತಾದದ್ದು ಆಗಲೇ.

ವಿಷಯ ಕಠಿಣವೇನಲ್ಲ. ಬಾಳೆಹಣ್ಣನ್ನು ಡಜನಿನಲ್ಲಿ ಎಣಿಸುವಂತೆ ಅಣುಗಳನ್ನು ಮೋಲಿನಲ್ಲಿ ಎಣಿಸುತ್ತಾರೆ. ಡಜನ್ ಎಂದರೆ ಹನ್ನೆರಡು. ಮೋಲ್ ಎಂದರೆ 6.02214076ನ್ನು ಹತ್ತರ 23ನೆಯ ಘಾತದಿಂದ ಗುಣಿಸಿದಷ್ಟು. 2019ರಿಂದ ಈ ಸಂಖ್ಯೆಯನ್ನೇ ಅಂತರರಾಷ್ಟ್ರೀಯ ಮಾನವಾಗಿ ನಿಗದಿಪಡಿಸಿದ್ದಾರೆ. ಇಷ್ಟನ್ನು ಬೆರಳಿನಿಂದ ಎಣಿಸಲಾಗದು. ಆದ್ದರಿಂದ ಚಿಲ್ಲರೆ ನಾಣ್ಯದ ಚೀಲವನ್ನು ತೂಗಿ ಎಷ್ಟು ನಾಣ್ಯವೆಂದು ತಿಳಿಯುವಂತೆ, ತೂಗಿ ಎಣಿಸುತ್ತಾರೆ. ನೀರಾದರೆ 18 ಗ್ರಾಂ ಒಂದು ಮೋಲ್, ಅಡಿಗೆ ಸೋಡಾ ಆದರೆ 84 ಗ್ರಾಂ. ನಾಣ್ಯದ ಚೀಲದ ಮಾತು ಬಂದೊಡನೆ ಹುಡುಗನ ಮುಖ ಅರಳಿತು.

ಅಡಿಗೆ ಸೋಡಾವನ್ನು ಹೆಸರಿಸಿದ್ದಕ್ಕೆ ಕಾರಣವಿದೆ. ಅವನು ಪರೀಕ್ಷೆಯಲ್ಲಿ ತಪ್ಪಿದ್ದೂ ಅದರ ಲೆಕ್ಕದಲ್ಲೇ. 8.4 ಗ್ರಾಂ ಸೋಡಿಯಂ ಬೈಕಾರ್ಬನೇಟನ್ನು ಪೂರ್ತಿ ಕಾಯಿಸಿದರೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ? ಬಜ್ಜಿಯ ಹಿಟ್ಟನ್ನು ಉಬ್ಬಿಸುವ ಅನಿಲವೇ ಇದು. ಹುಡುಗನ ಉತ್ತರ 4.4 ಗ್ರಾಂ. 8.4 ಗ್ರಾಂ ಎಂದರೆ ಮೋಲಿನ ಹತ್ತನೆಯ ಒಂದು ಭಾಗ. ಅನಿಲದ ಒಂದು ಮೋಲ್ 44 ಗ್ರಾಂ. ಅದರ ಹತ್ತನೆಯ ಒಂದು ಭಾಗ 4.4. ಕೇಳಲು ಸರಿಯಾಗಿಯೇ ಇದೆ. ಆದರೆ ಸಮೀಕರಣ ಹೇಳುವುದು ಬೇರೆ: ಎರಡು ಮೋಲ್ ಅಡಿಗೆ ಸೋಡಾ ಒಡೆದರೆ ಒಂದು ಮೋಲ್ ಬಟ್ಟೆ ಸೋಡಾ, ಒಂದು ಮೋಲ್ ನೀರು, ಒಂದು ಮೋಲ್ ಅನಿಲ. ಎರಡಕ್ಕೆ ಒಂದು. ಆದ್ದರಿಂದ ಸರಿಯುತ್ತರ 2.2 ಗ್ರಾಂ.

ರಸಾಯನಶಾಸ್ತ್ರವನ್ನರಿಯದ ನಾವು ಈ ತಪ್ಪನ್ನು ಹಿಡಿದದ್ದು ಹೋಟೆಲಿನ ಬುದ್ಧಿಯಿಂದ. ಹುಡುಗನ ದಾರಿಯಲ್ಲೇ ಉಳಿದೆರಡನ್ನೂ ಬರೆಯಿಸಿದೆವು: ಬಟ್ಟೆ ಸೋಡಾ 10.6 ಗ್ರಾಂ, ನೀರು 1.8, ಅನಿಲ 4.4; ಒಟ್ಟು 16.8. ಪಾತ್ರೆಗೆ ಹಾಕಿದ್ದು 8.4, ಹೊರಗೆ ಬಂದದ್ದು ಅದರ ಇಮ್ಮಡಿ! ರಾತ್ರಿ ಗಲ್ಲೆಯ ಲೆಕ್ಕ ಹೀಗೆ ಬಂದರೆ ಯಾವ ಧಣಿ ಒಪ್ಪಿಯಾನು? ಸರಿಯಾದ ಲೆಕ್ಕದಲ್ಲಿ 5.3, 0.9, 2.2, ಕೂಡಿದರೆ 8.4, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರತಿದಿನ ಕೌಂಟರಿನಲ್ಲಿ ಹಣ ತಾಳೆ ನೋಡುವ ಹುಡುಗ ಕಾಲೇಜಿನ ಉತ್ತರವನ್ನು ಒಮ್ಮೆಯೂ ತಾಳೆ ನೋಡಿರಲಿಲ್ಲ. ಕೆಂಪು ಗೆರೆ ಎಳೆಯುವವನಿಗೆ ಆ ಪ್ರಸಂಗವೇ ಬರುವುದಿಲ್ಲ.

ಓದುವಾಗ ಎಲ್ಲವೂ ಗೊತ್ತಾಗುತ್ತದೆಂಬ ಭ್ರಮೆ ಇವನೊಬ್ಬನದಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಮತ್ತೊಂದನ್ನು ಒಂದೇ ಸಲ ಓದಿ, ಬಳಿಕ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮೇಲಾಯಿತು: ನೂರಕ್ಕೆ 81, ಇನ್ನೊಂದು 75. ಒಂದು ವಾರದ ನಂತರ ತಕ್ಕಡಿ ತಿರುಗಿತು: ಎರಡು ಸಲ ಓದಿದ್ದು 42ಕ್ಕೆ ಇಳಿಯಿತು, ನೆನಪಿನಿಂದ ಬರೆದದ್ದು 56ರಲ್ಲಿ ನಿಂತಿತು. ಅದು ಗದ್ಯ, ರಸಾಯನಶಾಸ್ತ್ರದ ಲೆಕ್ಕವಲ್ಲ, ನಿಜ. ಆದರೂ ಪರೀಕ್ಷೆ ಬರುವುದು ಐದು ನಿಮಿಷದ ಮೇಲಲ್ಲ, ತಿಂಗಳುಗಳ ಮೇಲೆ ಎಂಬುದನ್ನು ಮರೆಯಬಾರದು. ಮೊಬೈಲಿನಲ್ಲಿ ಇನ್ನೊಬ್ಬರು ಲೆಕ್ಕ ಬಿಡಿಸುವುದನ್ನು ನೋಡಿ ಕಲಿತೆವೆಂದುಕೊಳ್ಳುವವರೂ ಇದನ್ನು ಗಮನಿಸಲಿ. ಪಕ್ಕದವನು ದೋಸೆ ಹುಯ್ಯುವುದನ್ನು ವರ್ಷವಿಡೀ ನೋಡಿದರೂ ನಮ್ಮ ಕೈಗೆ ಹದ ಬಾರದು.

ಕೂಲಿಮಾಡುತ್ತ ರಸಾಯನಶಾಸ್ತ್ರ ಕಲಿಯುವುದು ಅಸಾಧ್ಯವೆನ್ನುವವರಿಗೆ ಮೈಕೇಲ್ ಫ್ಯಾರಡೆಯನ್ನು ನೆನಪಿಸಬಯಸುತ್ತೇವೆ. ಲಂಡನ್ನಿನ ಕಮ್ಮಾರನೊಬ್ಬನ ಮಗ. 1805ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಪುಸ್ತಕ ಕಟ್ಟುವ ಅಂಗಡಿಯಲ್ಲಿ ಏಳು ವರ್ಷದ ಕರಾರಿನ ಮೇಲೆ ಕೆಲಸಕ್ಕೆ ಸೇರಿದವನು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. ಜೇನ್ ಮಾರ್ಸೆಟ್ ಎಂಬ ಮಹಿಳೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕವನ್ನು ಓದಿದಾಗ, ಅದರಲ್ಲಿದ್ದುದನ್ನು ಹಾಗೆಯೇ ನಂಬದೆ, ತನ್ನ ಪುಡಿಗಾಸಿಗೆ ಎಟಕುವ ಚಿಕ್ಕ ಪ್ರಯೋಗಗಳಿಂದ ಪರೀಕ್ಷಿಸಿ ನೋಡಿದ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಚೀಟಿಯಿಂದ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗಿ, ಕೇಳಿದ್ದನ್ನು ಮನೆಯಲ್ಲಿ ವಿಸ್ತರಿಸಿ ಬರೆದು, ಸುಮಾರು ಮುನ್ನೂರು ಪುಟಗಳ ಆ ಬರೆಹವನ್ನು ತಾನೇ ಕಟ್ಟಿ ಡೇವಿಗೆ ಕಳುಹಿಸಿದ. 1813ರಲ್ಲಿ ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ದೊರೆಯಿತು. ಇಂದು ಕಾಲೇಜಿನಲ್ಲಿ ಓದುವ ಬೆಂಜೀನನ್ನು 1825ರಲ್ಲಿ ಬೇರ್ಪಡಿಸಿದವನು ಇವನೇ. ಎಲ್ಲರೂ ಫ್ಯಾರಡೆಯಾಗುವುದಿಲ್ಲ, ಆದರೆ ಕೇಳಿದ್ದನ್ನು ಅದೇ ದಿನ ಕೂತು ಬರೆಯುವುದಕ್ಕೆ ಫ್ಯಾರಡೆಯೇ ಆಗಬೇಕೆಂದಿಲ್ಲ.

ನಮ್ಮ ಹುಡುಗನಿಗೆ ನಾವು ಮಾಡಿಕೊಟ್ಟ ವ್ಯವಸ್ಥೆ ದೊಡ್ಡದೇನಲ್ಲ. ಊಟದ ಗದ್ದಲ ತಗ್ಗಿ ಸಂಜೆಯ ತಿಂಡಿ ಆರಂಭವಾಗುವ ಮೊದಲು ಹೋಟೆಲಿನ ಮೇಜು ಖಾಲಿಯಿರುತ್ತದೆ. ಕೆಲಸಕ್ಕೆ ಒಂದು ಗಂಟೆ ಮುಂಚೆ ಬಂದು ಅಲ್ಲಿ ಕೂರಬೇಕು. ಬೆಳಿಗ್ಗೆ ಕೇಳಿದ ಪಾಠವನ್ನು ಪುಸ್ತಕ ತೆರೆಯದೆ ಒಂದು ಹಾಳೆಯಲ್ಲಿ ಬರೆದು, ಬಳಿಕ ತೆರೆದು, ಬಿಟ್ಟುಹೋದುದನ್ನು ನೋಡಬೇಕು. ಉಳಿದ ಹೊತ್ತು ಲೆಕ್ಕ. ತಪ್ಪಿದ ಲೆಕ್ಕಗಳಿಗೆ ಬೇರೊಂದು ವಹಿ. ಅದಕ್ಕೆ ಅವನೇ ‘ಬಾಕಿ ಖಾತೆ’ ಎಂದು ಹೆಸರಿಟ್ಟ. ತಪ್ಪಿದ್ದನ್ನು ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ನೋಡದೆ ಬಿಡಿಸಿದರೆ ಮಾತ್ರ ಬಾಕಿ ಹೊಡೆದುಹಾಕಬಹುದು.

ಆ ಖಾತೆಯಿಂದ ಒಂದನ್ನು ಹೇಳಬೇಕು. ಎರಡು ಮೋಲಾರ್ ದ್ರಾವಣ 100 ಮಿಲಿಲೀಟರ್ ಇದೆ. ಅದನ್ನು ಅರ್ಧ ಮೋಲಾರ್‌ಗೆ ತೆಳುಮಾಡಲು ಎಷ್ಟು ನೀರು ಬೇಕು? ಹುಡುಗ 400 ಎಂದು ಬರೆದಿದ್ದ. ಡಿಕಾಕ್ಷನ್ನಿಗೆ ಹಾಲು ಬೆರೆಸಿದರೆ ಕಾಫಿ ತೆಳುವಾಗುತ್ತದೆಯೇ ಹೊರತು ಒಳಗಿನ ಸತ್ವ ಎಲ್ಲಿಗೂ ಹೋಗುವುದಿಲ್ಲ, ಹಾಗೆಯೇ ಇಲ್ಲಿಯೂ. ಸಾರ ನಾಲ್ಕನೆಯ ಒಂದು ಭಾಗಕ್ಕಿಳಿಯಬೇಕಾದರೆ ಒಟ್ಟು ಅಳತೆ ನಾಲ್ಕು ಪಟ್ಟು, ಅಂದರೆ 400 ಆಗಬೇಕು. ಆದರೆ 100 ಮೊದಲೇ ಪಾತ್ರೆಯಲ್ಲಿದೆ, ಬೆರೆಸಬೇಕಾದುದು 300. ದ್ರಾವಣ ತೀಕ್ಷ್ಣವಾದ ಆಮ್ಲವಾಗಿದ್ದರೆ, ಆಮ್ಲವನ್ನು ನೀರಿಗೆ ಮೆಲ್ಲಗೆ ಸುರಿಯಬೇಕಲ್ಲದೆ ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು. ಥಟ್ಟನೆ ಕಾದು ಮುಖಕ್ಕೆ ಸಿಡಿಯುತ್ತದೆ.

ಸಾವಯವ ರಸಾಯನದ ಮಾತು ಬೇರೆ. ಅಲ್ಲಿ ನೆನಪಿಡಬೇಕಾದುದು ನಿಜಕ್ಕೂ ಹೆಚ್ಚು, ನಾವು ಅದರಲ್ಲಿ ತಲೆಹಾಕಲಿಲ್ಲ. ಹುಡುಗ ಒಂದೊಂದು ಪದಾರ್ಥದಿಂದ ಇನ್ನೊಂದಕ್ಕೆ ಹೋಗುವ ದಾರಿಗಳನ್ನು ನಕ್ಷೆಯಂತೆ ಅಡಿಗೆಮನೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆಯುತ್ತಿದ್ದಾನೆ. ಕ್ಲೀನರ್ ಹುಡುಗರೆಲ್ಲ ಎಥನಾಲ್ ಎಂಬ ಹೆಸರನ್ನು ಕಲಿತಿದ್ದಾರೆ.

ಎರಡನೆಯ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಇಪ್ಪತ್ತೊಂಬತ್ತು ಬಂತು. ಗಲ್ಲೆಯ ಮಾತು ಆಮೇಲೆ ಬರಲಿಲ್ಲ. ಬಾಕಿ ಖಾತೆಯಲ್ಲಿ ಇನ್ನೂ ಹದಿನಾರು ಲೆಕ್ಕಗಳಿವೆ. ಮೊನ್ನೆ ಮತ್ತೆ ಬಂದಿದ್ದ. ಈ ಸಲವೂ ಧಣಿಗಳಿಗೆ ಒಂದು ಮಾತು ಹೇಳಿಸಲು. ಪ್ರಾಯೋಗಿಕ ಪರೀಕ್ಷೆಯ ದಿನ ಸಂಜೆಯ ಪಾಳಿಯನ್ನು ರಾತ್ರಿಗೆ ಬದಲಾಯಿಸಿಕೊಡಬೇಕಂತೆ. ನಾವು ದೂರವಾಣಿ ಮಾಡಿದೆವು. ಧಣಿಗಳು ಒಪ್ಪಿದ್ದಾರೆ.