ಡಿಶ್‌ಗಳಿಗೆ ಆಗ್ನೇಯದ ನಂಟು

ಪ್ರಶ್ನೆ: ಸೊರಬದಲ್ಲಿ ಯಾವ ಮನೆಯ ಮಾಡು ನೋಡಿದರೂ ಟಿ.ವಿ. ಡಿಶ್ ಆಗ್ನೇಯಕ್ಕೇ ಮುಖ ಮಾಡಿರುತ್ತದಲ್ಲ, ಏಕೆ?

ವಾಸ್ತುವಿಗೂ ಇದಕ್ಕೂ ಸಂಬಂಧವಿಲ್ಲ! ಟಿ.ವಿ. ಉಪಗ್ರಹಗಳು ಸಮಭಾಜಕ ವೃತ್ತದ ನೆತ್ತಿಯಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತು ಭೂಮಿ ತನ್ನ ಸುತ್ತ ಒಮ್ಮೆ ತಿರುಗುವ ಹೊತ್ತಿಗೆ ಸಮ. ಜಾತ್ರೆಯ ತಿರುಗುಕುದುರೆಯಲ್ಲಿ ಎದುರು ಕೂತವರು ಕದಲದಂತೆ ಕಾಣುವ ಹಾಗೆ, ಉಪಗ್ರಹವೂ ನಮಗೆ ಒಂದೇ ಕಡೆ ನಿಂತಂತಿರುತ್ತದೆ. ಡಿಶ್ಶನ್ನು ಒಮ್ಮೆ ಗುರಿಯಿಟ್ಟು ಬೋಲ್ಟ್ ಬಿಗಿದರೆ ಮುಗಿಯಿತು.

ಸಮಭಾಜಕ ವೃತ್ತ ಸೊರಬಕ್ಕೆ ದಕ್ಷಿಣದಲ್ಲಿದೆ. ಡಿಡಿ ಫ್ರೀ ಡಿಶ್‌ ವಾಹಿನಿಗಳನ್ನು ಬಿತ್ತರಿಸುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸೊರಬ ಸುಮಾರು 75ರಲ್ಲಿ; ಅಂದರೆ ಉಪಗ್ರಹ ನಮಗೆ ಪೂರ್ವಕ್ಕೂ ಇದೆ. ದಕ್ಷಿಣ, ಪೂರ್ವ ಕೂಡಿದರೆ ಆಗ್ನೇಯ.

ಉಪಗ್ರಹ ಜಾಗ ಬಿಟ್ಟು ಜರುಗದಂತೆ ಕಾಯುವುದು ಹಾಸನದಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ.