ಬಾಲ್ಕನ್ ನಾಡುಗಳಲ್ಲಿ ಕಾರು ಪ್ರವಾಸ

ಯೂರೋಪ್ ಪ್ರವಾಸವೆಂದೊಡನೆ ನಮ್ಮವರ ಬಾಯಿಗೆ ಬರುವ ಹೆಸರುಗಳು ಲಂಡನ್, ಪ್ಯಾರಿಸ್, ರೋಮ್. ಅದೇ ಖಂಡದ ಆಗ್ನೇಯದಲ್ಲಿ, ಏಡ್ರಿಯಾಟಿಕ್ ಸಮುದ್ರದ ಪೂರ್ವತೀರಕ್ಕೆ ಹೊಂದಿಕೊಂಡು, ಬೆಟ್ಟ ಕಣಿವೆ ಸರೋವರಗಳ ಸೊಗಸಾದ ಸೀಮೆಯೊಂದುಂಟು. ಅದೇ ಬಾಲ್ಕನ್. ಬಾಲ್ಕನ್ ಎಂಬುದು ತುರ್ಕಿ ಮಾತು. ಕಾಡು ಕವಿದ ಬೆಟ್ಟಸಾಲು ಎಂದು ಅದರ ಅರ್ಥ. ಬಾಡಿಗೆ ಕಾರಿನಲ್ಲಿ ಸುಮಾರು 1,300 ಕಿಲೋಮೀಟರು ಸುತ್ತಿದರೆ ಅಲ್ಲಿ ಐದು ದೇಶಗಳನ್ನು ಕಂಡು ಬರಬಹುದು. ಆದರೆ ಹೊರಡುವವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ: ಅಲ್ಲಿ ದಾರಿಗಳು ಹಳೆಯವು, ಗಡಿಗಳು ಹೊಸವು.

ಯುಗೋಸ್ಲಾವಿಯ ಎಂಬ ಹೆಸರನ್ನು ನಮ್ಮ ಹಿರಿಯರು ಮರೆತಿರಲಾರರು. 1956ರಲ್ಲಿ ನೆಹರೂ, ಟಿಟೋ, ನಾಸೆರ್ ಕಲೆತು ಮಾತನಾಡಿದ ಬ್ರಿಯೋನಿ ದ್ವೀಪ, 1961ರಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಸಮ್ಮೇಳನ ಸೇರಿದ ಬೆಲ್‌ಗ್ರೇಡ್, ಎರಡೂ ಆ ದೇಶದಲ್ಲಿಯೇ ಇದ್ದವು. 1991ರಿಂದ ಅದು ಒಡೆಯತೊಡಗಿತು. ಕ್ರೊಯೇಷಿಯ, ಬೋಸ್ನಿಯ, ಮಾಂಟೆನೆಗ್ರೊ, ಉತ್ತರ ಮ್ಯಾಸಿಡೋನಿಯ ಮೊದಲಾದವು ಬೇರೆ ಬೇರೆ ದೇಶಗಳಾದವು. ಒಂದೇ ದೇಶಕ್ಕೆಂದು ಹಾಕಿದ ಹೆದ್ದಾರಿಗಳ ನಡುವೆ ಸುಂಕದ ಕಟ್ಟೆಗಳು ಎದ್ದವು. ಆದ್ದರಿಂದ ಇಲ್ಲಿ ಪ್ರವಾಸದ ಲೆಕ್ಕವನ್ನು ಮೈಲಿಗಲ್ಲುಗಳಿಂದ ಹಾಕಿದರೆ ಸಾಲದು, ಗಡಿಗಳಿಂದ ಹಾಕಬೇಕು.

ಇದಕ್ಕೆ ಒಂದು ನಿದರ್ಶನ. ಕ್ರೊಯೇಷಿಯದ ಕರಾವಳಿಯನ್ನು ಬೋಸ್ನಿಯ ದೇಶವು ನೆಯೂಮ್ ಎಂಬ ಊರಿನ ಬಳಿ ಸುಮಾರು 20 ಕಿಲೋಮೀಟರಿನಷ್ಟು ಸೀಳಿ ಕಡಲನ್ನು ಮುಟ್ಟುತ್ತದೆ. ಸ್ಪ್ಲಿಟ್ ನಗರದಿಂದ ಡುಬ್ರೊವ್ನಿಕ್‌ಗೆ ಕರಾವಳಿಯ ರಸ್ತೆಯಲ್ಲಿ ಹೋಗುವವರು ಸ್ವದೇಶದ ಊರಿಂದ ಸ್ವದೇಶದ ಊರಿಗೇ ಹೋಗಲು ಎರಡು ಸಲ ಗಡಿ ದಾಟಬೇಕಾಗಿತ್ತು. 2022ರ ಜುಲೈನಲ್ಲಿ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಆ ತೊಡಕು ತಪ್ಪಿತು. ಕ್ರೊಯೇಷಿಯ 2023ರ ಜನವರಿಯಲ್ಲಿ ಷೆಂಗೆನ್ ಒಕ್ಕೂಟವನ್ನು ಸೇರಿದೆ. ಈಗ ಸೇತುವೆಯನ್ನು ಬಿಟ್ಟು ಹಳೆಯ ರಸ್ತೆಯಲ್ಲಿ ನೆಯೂಮ್‌ಗೆ ಕಾಲಿಟ್ಟರೆ ಷೆಂಗೆನ್ ಬಿಟ್ಟು ಹೊರಗೆ ಹೋದಂತೆಯೇ ಲೆಕ್ಕ. ಒಂದೇ ಪ್ರವೇಶದ ವೀಸಾ ಉಳ್ಳವರು ಮತ್ತೆ ಒಳಗೆ ಬರುವಂತಿಲ್ಲ.

ಇನ್ನು ದಾರಿಯನ್ನು ನೋಡೋಣ. ಬಾಡಿಗೆ ಕಾರನ್ನು ಪಡೆದ ದೇಶದಲ್ಲಿಯೇ ಹಿಂದಿರುಗಿಸದಿದ್ದರೆ ದುಬಾರಿ ಶುಲ್ಕ ತೆರಬೇಕಾಗುತ್ತದೆ. ಆದ್ದರಿಂದ ಹೊರಟ ಊರಿಗೇ ಮರಳುವ ಸುತ್ತುದಾರಿ ಮೇಲು. ಡುಬ್ರೊವ್ನಿಕ್‌ನಿಂದ ಹೊರಟು ಬೋಸ್ನಿಯದ ಮೊಸ್ತಾರ್ ಮತ್ತು ಸರಾಯೆವೊ. ಅಲ್ಲಿಂದ ಮಾಂಟೆನೆಗ್ರೊದ ಡುರ್ಮಿಟೋರ್ ಬೆಟ್ಟಗಳು. ಆಮೇಲೆ ಅಲ್ಬೇನಿಯದ ಶ್ಕೋಡರ್, ಟಿರಾನಾ, ಬೆರಾತ್. ಕೊನೆಗೆ ಉತ್ತರ ಮ್ಯಾಸಿಡೋನಿಯದ ಓಹ್ರಿಡ್. ಹಿಂದಿರುಗುವಾಗ ಅಲ್ಬೇನಿಯದ ಮೂಲಕ ಮಾಂಟೆನೆಗ್ರೊದ ಕೋಟೋರ್ ಕೊಲ್ಲಿಯನ್ನು ಬಳಸಿ ಡುಬ್ರೊವ್ನಿಕ್. ದೇಶಗಳು ಐದು, ಆದರೆ ಗಡಿ ದಾಟುವುದು ಏಳು ಸಲ. ಬಹುಮಟ್ಟಿಗೆ ಒಂದೊಂದು ಕಡೆಯೂ ಎರಡು ತನಿಖೆ: ಬಿಡುವ ದೇಶದ್ದೊಂದು, ಸೇರುವ ದೇಶದ್ದೊಂದು. ಆಗಸ್ಟಿನಲ್ಲಿ ಡುಬ್ರೊವ್ನಿಕ್ ಸಮೀಪದ ಗಡಿಯಲ್ಲಿ ಗಂಟೆಗಟ್ಟಲೆ ಕಾಯಬೇಕಾಗುವುದುಂಟು. ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಅನುಕೂಲ. ಹದಿನೈದು ದಿನ ಇಟ್ಟುಕೊಂಡು, ಒಂದು ದಿನಕ್ಕೆ ಒಂದೇ ಗಡಿ ಎಂಬ ನಿಯಮ ಪಾಲಿಸಿದರೆ ಆಯಾಸವಾಗದು.

ಕಾಗದಪತ್ರಗಳಲ್ಲಿ ಮೊದಲನೆಯದು ಹಲವು ಪ್ರವೇಶಗಳ ಷೆಂಗೆನ್ ವೀಸಾ. ಅದನ್ನು ಹೊಂದಿದ ಭಾರತೀಯರನ್ನು ಈ ಸುತ್ತಿನ ಉಳಿದ ನಾಲ್ಕು ದೇಶಗಳೂ ಕೆಲವು ಷರತ್ತುಗಳ ಮೇಲೆ ಕೆಲವು ದಿನಗಳ ಮಟ್ಟಿಗೆ ಒಳಗೆ ಬಿಡುತ್ತವೆ. ಷರತ್ತುಗಳು ದೇಶದಿಂದ ದೇಶಕ್ಕೆ ಬೇರೆ, ಬದಲಾಗುತ್ತಲೂ ಇರುತ್ತವೆ. ಟಿಕೀಟು ಕೊಳ್ಳುವ ಮೊದಲೇ ಆಯಾ ರಾಯಭಾರ ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ. ಅಲ್ಬೇನಿಯ ಮಾಂಟೆನೆಗ್ರೊಗಳನ್ನು ಎರಡೆರಡು ಸಲ ಹೊಗುವಿರೆಂಬುದನ್ನೂ ತಿಳಿಸಿರಿ. ಎರಡನೆಯದು, ನಮ್ಮ ಸಾರಿಗೆ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಮೂರನೆಯದು, ಕಾರು ಕೊಟ್ಟವರ ಅನುಮತಿ ಪತ್ರ. ಅದರಲ್ಲಿ ಐದು ದೇಶಗಳ ಹೆಸರೂ ಇರಬೇಕು. ನಾಲ್ಕನೆಯದು, ಹಸಿರು ಕಾರ್ಡು ಎಂಬ ವಿಮಾಪತ್ರ. ಅಲ್ಲಿ ವಾಹನಗಳು ರಸ್ತೆಯ ಬಲಗಡೆಯಲ್ಲಿ ಓಡುತ್ತವೆಂಬುದು ನೆನಪಿರಲಿ.

ಕೊಸೊವೊ ದೇಶವನ್ನೂ ಸೇರಿಸಿಕೊಳ್ಳೋಣವೆಂದು ಕೆಲವರಿಗೆ ಅನ್ನಿಸಬಹುದು. ಅದು 2008ರಲ್ಲಿ ಸ್ವಾತಂತ್ರ್ಯ ಸಾರಿತು. ಸರ್ಬಿಯ ಅದನ್ನು ಒಪ್ಪಿಲ್ಲ, ಭಾರತವೂ ಮಾನ್ಯ ಮಾಡಿಲ್ಲ. ಬೇರೊಂದು ದೇಶದಿಂದ ಕೊಸೊವೊ ಹೊಕ್ಕು, ಅಲ್ಲಿಂದ ನೇರವಾಗಿ ಸರ್ಬಿಯಕ್ಕೆ ಹೋದವರನ್ನು ಸರ್ಬಿಯದ ಅಧಿಕಾರಿಗಳು ಹಿಂದಕ್ಕೆ ಕಳಿಸಬಹುದು. ದೇಶಗಳನ್ನು ನೋಡುವ ಕ್ರಮವೂ ಮುಖ್ಯವೆಂಬುದಕ್ಕೆ ಇದೊಂದು ಸಾಕ್ಷಿ.

ಹಣದ ವಿಷಯ. ಕ್ರೊಯೇಷಿಯದಲ್ಲಿ ಯೂರೋ, ಯೂರೋಪ್ ಒಕ್ಕೂಟಕ್ಕೆ ಸೇರದ ಮಾಂಟೆನೆಗ್ರೊದಲ್ಲಿಯೂ ಯೂರೋ. ಬೋಸ್ನಿಯದಲ್ಲಿ ಮಾರ್ಕ್, ಅಲ್ಬೇನಿಯದಲ್ಲಿ ಲೆಕ್, ಮ್ಯಾಸಿಡೋನಿಯದಲ್ಲಿ ದೆನಾರ್. ಒಂದು ಗಡಿಯ ಚಿಲ್ಲರೆ ಮುಂದಿನ ಗಡಿಯಲ್ಲಿ ನಡೆಯದು, ಬೇಕಾದಷ್ಟನ್ನೇ ಬದಲಾಯಿಸಿಕೊಳ್ಳಿರಿ.

ಭಾಷೆಗೆ ಅಂಜಬೇಕಾಗಿಲ್ಲ. ಮಾಂಟೆನೆಗ್ರೊದವರು ತಮ್ಮ ನಾಡನ್ನು ತ್ಸ್‌ರ್ನಾ ಗೋರಾ ಎನ್ನುತ್ತಾರೆ, ಕರಿಯ ಬೆಟ್ಟವೆಂದರ್ಥ. ಈ ಗೋರಾ ನಮ್ಮ ಗಿರಿಯ ದಾಯಾದಿ, ತ್ಸ್‌ರ್ನಾ ನಮ್ಮ ಕೃಷ್ಣ ಶಬ್ದದ ದಾಯಾದಿ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಎರಡಕ್ಕೆ ದ್ವಾ, ಮೂರಕ್ಕೆ ತ್ರಿ ಎನ್ನುವ ಜನ ಅವರು. ಮ್ಯಾಸಿಡೋನಿಯದ ಸಿರಿಲಿಕ್ ಲಿಪಿಯಲ್ಲಿ ಇರುವುದು 31 ಅಕ್ಷರ. ಹೊರಡುವ ಮುನ್ನ ಒಂದು ವಾರ ಅಭ್ಯಾಸ ಮಾಡಿದರೆ ಊರಿನ ಹೆಸರು, ಅಂಗಡಿಯ ಹಲಗೆ ಓದಲು ಸಾಕು.

ಒಂದು ಎಚ್ಚರಿಕೆಯ ಮಾತು. ಬೋಸ್ನಿಯದಲ್ಲಿ 1992ರಿಂದ 1995ರವರೆಗೆ ನಡೆದ ಯುದ್ಧದಲ್ಲಿ ಹೂತ ನೆಲಬಾಂಬುಗಳನ್ನು ಇನ್ನೂ ಪೂರ್ತಿ ತೆಗೆದಿಲ್ಲ. ತಲೆಬುರುಡೆಯ ಗುರುತಿನ ಕೆಂಪು ಹಲಗೆ ಕಂಡಲ್ಲಿ ಕಾಲಿಡಬಾರದು. ಚಿತ್ರ ತೆಗೆಯುವ ಆಸೆಗೆ ರಸ್ತೆ ಬಿಟ್ಟು ಪೊದೆಗಳ ಕಡೆ ಇಳಿಯಲೇಬಾರದು.

ಇಷ್ಟೆಲ್ಲ ಸಿದ್ಧತೆ ಏತಕ್ಕೆಂದು ಕೇಳುವವರಿಗೆ ಮೊಸ್ತಾರ್ ಊರಿನ ಕಲ್ಲುಸೇತುವೆಯೇ ಉತ್ತರ. 1566ರಲ್ಲಿ ಕಟ್ಟಿ ಮುಗಿದು, ನೆರೆಟ್ವಾ ನದಿಯ ಮೇಲೆ ಒಂದೇ ಕಮಾನಿನಲ್ಲಿ ನಾಲ್ಕು ಶತಮಾನ ನಿಂತಿದ್ದ ಅದು 1993ರ ನವೆಂಬರಿನಲ್ಲಿ ಫಿರಂಗಿ ಗುಂಡುಗಳಿಗೆ ಸಿಕ್ಕಿ ನದಿಗೆ ಉರುಳಿತು. 2004ರಲ್ಲಿ ಅದೇ ಆಕಾರದಲ್ಲಿ ಮತ್ತೆ ಕಟ್ಟಿದರು. ಒಡೆದ ನೆರೆಹೊರೆಯ ನಡುವೆ ಸೇತುವೆ ಕಟ್ಟುವುದು ಎಷ್ಟು ಕಷ್ಟ, ಎಷ್ಟು ಅಗತ್ಯ ಎಂಬುದನ್ನು ಅಲ್ಲಿ ನಿಂತು ಕಣ್ಣಾರೆ ಕಾಣಬಹುದು. ಕಾಗದಗಳು ಕ್ರಮವಾಗಿದ್ದರೆ ಆ ನೋಟಕ್ಕೆ ಬೇಕಾದ ನೆಮ್ಮದಿಯೂ ಪ್ರವಾಸಿಗೆ ದೊರೆಯುತ್ತದೆ.