ಮರಿಮೀನಿನ ಬ್ಯಾಟರಿ

ಮಕ್ಕಳೇ, ಫೋನಿನಲ್ಲಿ ಹತ್ತಾರು ಆ್ಯಪ್ ತೆರೆದಿಟ್ರೆ ಏನಾಗುತ್ತೆ? ಬ್ಯಾಟರಿ ಬೇಗ ಖಾಲಿ! ಸಮುದ್ರದ ಮರಿಮೀನುಗಳ ಪಾಡೂ ಈಗ ಹೀಗೇ ಆಗ್ತಿದೆ.

ಅಲಾಸ್ಕಾದ ಕಾಡ್ ಮೀನನ್ನೇ ನೋಡಿ (ಕಾಡಿನ ಮೀನಲ್ಲ!). ಅದರ ಮೊಟ್ಟೆ ಚೆನ್ನಾಗಿ ಮರಿಯಾಗಲು 3ರಿಂದ 6 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರು ಬೇಕು. ಹುಟ್ಟಿದ ಮರಿ ಅಕ್ಕಿಕಾಳಿಗಿಂತ ಚಿಕ್ಕದು. ಹೊಟ್ಟೆಗೆ ಅಂಟಿದ ಹಳದಿಯ ಪುಟ್ಟ ಚೀಲವೇ ಅದರ ಬುತ್ತಿ. ನೀರು ಬೆಚ್ಚಗಾದರೆ ಮೈಯೊಳಗಿನ ಕೆಲಸವೆಲ್ಲ ವೇಗವಾಗಿ ನಡೆದು ಬುತ್ತಿ ಬೇಗ ಮುಗಿಯುತ್ತೆ. ಅಷ್ಟರಲ್ಲಿ ಆಹಾರ ಸಿಗದಿದ್ದರೆ ಮರಿ ಉಳಿಯೋದಿಲ್ಲ.

ಇನ್ನೊಂದು ತೊಂದರೆ ಆಮ್ಲ. ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತೆ. ಸೋಡಾದಲ್ಲಿ ಆಗುವಂತೆ, ಅದು ನೀರಿನಲ್ಲಿ ಕರಗಿ ಆಮ್ಲವಾಗುತ್ತೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಸುಮಾರು 8.2 ಇದ್ದ ಸಮುದ್ರದ ಪಿಎಚ್ ಈಗ 8.1ರ ಹತ್ತಿರ ಇದೆ. "ಅಷ್ಟೇನಾ?" ಅನ್ನಬೇಡಿ. ಆಮ್ಲೀಯತೆ ಸುಮಾರು 30% ಹೆಚ್ಚಿದೆ! ದೊಡ್ಡ ಮೀನು ಕಿವಿರುಗಳ ಮೂಲಕ ಆಮ್ಲವನ್ನು ಹೊರಹಾಕುತ್ತೆ. ಮರಿಗೆ ಕಿವಿರು ಇನ್ನೂ ಪೂರ್ತಿ ಬೆಳೆದಿರೋದಿಲ್ಲ.

2014ರಿಂದ 2016ರವರೆಗೆ ಅಲಾಸ್ಕಾ ಕೊಲ್ಲಿಯ ನೀರು ವಿಪರೀತ ಬಿಸಿಯಾಯ್ತು. ದೊಡ್ಡ ಕಾಡ್‌ಗಳಿಗೆ ಆಹಾರ ಸಾಲಲಿಲ್ಲ. ಹೊಸ ಮರಿಗಳೂ ತೀರಾ ಕಡಿಮೆ ಉಳಿದವು. 2020ರಲ್ಲಿ ಅಲ್ಲಿನ ಫೆಡರಲ್ ನೀರಿನಲ್ಲಿ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯ್ತು. ಅದನ್ನೇ ನಂಬಿದ್ದ ಮೀನುಗಾರರು ಏನು ಮಾಡಬೇಕು, ಹೇಳಿ?

ಮರಿಮೀನು ತಾನೇ ಆ್ಯಪ್ ಮುಚ್ಚಲಾರದು. ಅದು ನಮ್ಮ ಕೈಲಿದೆ. ಮುಂದಿನ ವಾರ ಕನ್ನಡ ಶಾಲೆಗೆ ಎರಡು ಮನೆಯವರು ಒಂದೇ ಕಾರಲ್ಲಿ ಬರೋಣವೇ? ಅಪ್ಪ ಅಮ್ಮನನ್ನು ಇವತ್ತೇ ಕೇಳಿ!